ಐಡರ್ ಬಾತನ್ನು ಎತ್ತಿ ನೋಡಿದ್ದು

ಕ್ರೇಗ್‌ಹೇವನ್ ಬಂದರು,
ಸ್ಕಾಟ್ಲೆಂಡಿನ ಪೂರ್ವ ಕರಾವಳಿ,
ಜೂನ್ ಮೂವತ್ತನಾಲ್ಕು, 2231

ಹಿಂದಿನ ಕಾಲದ ಹಿರಿಯರಿಗೆ,

ಜೂನ್ ತಿಂಗಳಲ್ಲಿ ಮೂವತ್ತನಾಲ್ಕನೇ ತಾರೀಖು ಎಲ್ಲಿಂದ ಬಂತು ಎಂದು ನಗಬೇಡಿ. ಬೇಸಿಗೆ ಉದ್ದವಾಯಿತೆಂದು ನಮ್ಮವರು ತಿಂಗಳನ್ನೂ ಎಳೆದು ಉದ್ದ ಮಾಡಿದ್ದಾರೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಬೇಕು. ಹೊನ್ನಾವರದ ಕಡೆಯ ಇಪ್ಪತ್ತು ಮೀನುಗಾರ ಕುಟುಂಬಗಳು ಇಲ್ಲಿಗೆ ಬಂದು ಐದು ತಲೆಮಾರು ಕಳೆದಿದೆ. ಇಲ್ಲಿಯ ಸ್ಕಾಟರಿಗೂ ನಮ್ಮನ್ನು ಬೈಯಲು ಸಾಕಾಗುವಷ್ಟು ಕನ್ನಡ ಬರುತ್ತದೆ. ನನ್ನ ಹೆಸರು ಮಾದೇವಿ ಮೇಸ್ತ. ನಾನು ಈ ಊರಿನ ದಿಟಗಾತಿ. ಆ ಪದ ನಿಮ್ಮ ಕಾಲದಲ್ಲಿ ಇಲ್ಲದ್ದರಿಂದ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ತೀರಮಂಡಳಿ ಎಂಬ ಕಚೇರಿಯಿದೆ. ಪ್ರಾಣಿಗಳು ಸತ್ತು ಖಾಲಿಯಾದ ಜಾಗದಲ್ಲಿ ಅದು ಹುಸಿಜೀವಿಗಳನ್ನು ತಂದು ಬಿಡುತ್ತದೆ. ಹುಸಿಜೀವಿ ಎಂದರೆ ಯಂತ್ರದ ಪ್ರಾಣಿ. ಗರಿ, ಕಣ್ಣು, ಕೂಗು ಎಲ್ಲ ಇರುತ್ತದೆ, ಜೀವ ಮಾತ್ರ ಇರುವುದಿಲ್ಲ. ನಿಜವಾದ ಹಕ್ಕಿ ಮರಿ ಮಾಡುವ ತೀರದಲ್ಲಷ್ಟೇ ಜನ ವಾಸಿಸಬಹುದು ಎಂಬುದು ಮಂಡಳಿಯ ಕಾನೂನು. ಮರಿ ಇಲ್ಲದಿದ್ದರೆ ಊರನ್ನೇ ಎಬ್ಬಿಸಿ ಒಳನಾಡಿಗೆ ಸಾಗಿಸುತ್ತಾರೆ. ಯಾವುದು ದಿಟ, ಯಾವುದು ಹುಸಿ ಎಂದು ನೋಡಿ ವರ್ಷಕ್ಕೊಮ್ಮೆ ಬರೆದುಕೊಡುವವಳೇ ದಿಟಗಾತಿ. ಅನುಮಾನಪಡುವುದು ನನ್ನ ಉದ್ಯೋಗ. ಮೂವತ್ತು ವರ್ಷ ಮಾಡಿದ ಮೇಲೆ ಅದೇ ಸ್ವಭಾವವಾಗಿದೆ. ಈ ಪತ್ರವನ್ನು ನೀವೇ ಒಡೆದು ಓದುತ್ತಿದ್ದೀರಿ ಎನ್ನುವುದಕ್ಕೂ ಏನು ಗ್ಯಾರಂಟಿ?

ಬೆಳಿಗ್ಗೆ ಬಂದರಿನ ಗೋಡೆಯುದ್ದಕ್ಕೂ ನಡೆಯುತ್ತೇನೆ. ಕಡಲಕ್ಕಿಗಳ ವಿಷಯದಲ್ಲಿ ಯಾವ ತಕರಾರೂ ಇಲ್ಲ. ಕೈಯಲ್ಲಿದ್ದ ರೊಟ್ಟಿ ಕಿತ್ತುಕೊಂಡು, ಹೋಗುವಾಗ ನನ್ನ ಹೆಗಲ ಮೇಲೆ ಹಿಕ್ಕೆ ಹಾಕುವ ಯಂತ್ರವನ್ನು ಯಾವ ಮಂಡಳಿಯೂ ಮಾಡಲಾರದು. ದಡದಾಚೆಯ ಬಂಡೆಯ ಮೇಲೆ ಹನ್ನೊಂದು ಸೀಲ್‌ಗಳು ಮಲಗಿರುತ್ತವೆ. ಏಳು ದಿಟ: ಅವು ಹೊಟ್ಟೆ ಕೆರೆದುಕೊಳ್ಳುತ್ತವೆ, ಒಂದನ್ನೊಂದು ಗದರುತ್ತವೆ, ಗಾಳಿ ಈ ಕಡೆ ಬೀಸಿದರೆ ಮೂಗು ಮುಚ್ಚಿಕೊಳ್ಳಬೇಕು. ಉಳಿದ ನಾಲ್ಕು ಒಟ್ಟಿಗೇ ಬಿಸಿಲಿಗೆ ಮುಖ ತಿರುಗಿಸುತ್ತವೆ. ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ, ಆದರೆ ದೋಣಿ ಕಟ್ಟುವ ಧಕ್ಕೆಯ ಮೆಟ್ಟಿಲ ಮೇಲೆ ಮೀನಿನ ಮುಳ್ಳು ತುಂಬಿದ ಲದ್ದಿ ಬಿಟ್ಟು ಹೋಗಿರುತ್ತದೆ. ಅದನ್ನು ಮೂಸಿ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ದೋಣಿ ಎಳೆಯುವ ಇಳಿಜಾರಿನಲ್ಲಿ ನಿಲ್ಲುವ ಬೂದು ಕೊಕ್ಕರೆಯನ್ನು ಎರಡು ವರ್ಷ ನಂಬಿರಲಿಲ್ಲ. ಒಂದು ದಿನ ಹಾವುಮೀನು ನುಂಗಲು ಹೋಗಿ ಅದು ಗಂಟಲಿಗೆ ಸಿಕ್ಕಿಹಾಕಿಕೊಂಡು ಒದ್ದಾಡಿದಾಗ ನಂಬಿದೆ.

ಆದರೆ ಇವು ಯಾವುವೂ ಈ ವರ್ಷ ಇಲ್ಲಿ ಮರಿ ಮಾಡಲಿಲ್ಲ. ಇದ್ದದ್ದು ಒಂದೇ ಗೂಡು. ನಮ್ಮ ಪಕ್ಕದಲ್ಲೇ ಇರುವ, ಏಡಿ ಹಿಡಿಯುವ ಇಶ್ಬೆಲಕ್ಕನ ಮನೆಯ ಹಿಂದೆ, ಹಳೆಯ ಏಡಿಬೋನುಗಳ ರಾಶಿಯ ಮಗ್ಗುಲಲ್ಲಿ, ಒಂದು ಹೆಣ್ಣು ಐಡರ್ ಬಾತು ತನ್ನ ಎದೆಯ ತುಪ್ಪುಳನ್ನೇ ಹಾಸಿಕೊಂಡು ಕಾವಿಗೆ ಕೂತಿತ್ತು. ಊರು ಉಳಿಯುವುದೋ ಹೋಗುವುದೋ ಎಲ್ಲ ಆ ಬಾತಿನ ಕೆಳಗಿತ್ತು. ದಿನಾ ಹೋಗಿ ನೋಡಿದೆ. ಏಳಲಿಲ್ಲ, ತಿನ್ನಲಿಲ್ಲ. ಮಳೆ ಹೊಡೆದರೂ ಅಲುಗಲಿಲ್ಲ. ಎರಡು ಮಾರು ಹತ್ತಿರಕ್ಕೆ ಹೋದರೂ ಕಣ್ಣು ಪಿಳಿಕಿಸಲಿಲ್ಲ. ಹತ್ತೊಂಬತ್ತು ದಿನ ಹೀಗೇ ಕಳೆಯಿತು. ಯಾವ ಜೀವಿ ಹತ್ತೊಂಬತ್ತು ದಿನ ಉಪವಾಸ ಕೂರುತ್ತದೆ, ನೀವೇ ಹೇಳಿ! ಹಿಂದಿನ ವರ್ಷವಷ್ಟೇ ಪಕ್ಕದೂರಿನವರು ಕೆಟ್ಟುಹೋದ ಹುಸಿಬಾತೊಂದನ್ನು ಗೂಡಿನಲ್ಲಿ ಕೂರಿಸಿ, ಮಂಡಳಿಯ ಕಣ್ಣಿಗೆ ಮಣ್ಣೆರಚಲು ಹೋಗಿ ಸಿಕ್ಕಿಬಿದ್ದಿದ್ದರು.

ಇಶ್ಬೆಲಕ್ಕ ಹೇಳಿದಳು: "ಅದು ಹಾಂಗೇ ಕೂರೂದು ಮಾರಾಯ್ತಿ. ಮರಿ ಆಗೋತನಕ ಏಳೂದಿಲ್ಲ, ತಿನ್ನೂದೂ ಇಲ್ಲ. ನಮ್ಮಜ್ಜಿ ಹೇಳ್ತಿದ್ದಳು. ಇನ್ನೊಂದು ವಾರ ಸುಮ್ಮನಿರು." ಅವಳು ಹುಟ್ಟಿದ ಮನೆ ಹೋಗುವುದರಲ್ಲಿತ್ತು, ಹೇಳದೆ ಇನ್ನೇನು ಮಾಡಿಯಾಳು ಎಂದುಕೊಂಡೆ. ಅವಳೇ ಎಲ್ಲಿಂದಲೋ ಹುಸಿಬಾತು ತಂದು ಕೂರಿಸಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಆದರೂ ನಿಮ್ಮ ಕಾಲದ ದಾಖಲೆಗಳನ್ನು ತೆರೆದು ನೋಡಿದೆ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಯ ಚಿತ್ರಗಳು ಲಕ್ಷಗಟ್ಟಲೆ ಇದ್ದವು. ಸೂರ್ಯ ಮುಳುಗುವುದಂತೂ ಕೇಳಲೇಬೇಡಿ. ಕಂದು ಬಣ್ಣದ ಹೆಣ್ಣು ಬಾತಿನ ಬಗ್ಗೆ ಆಗ ಈ ತೀರದಲ್ಲಿದ್ದ ಯಾರೋ ಒಬ್ಬರು ಬರೆದಿದ್ದು ಇಷ್ಟೇ: "ಇವತ್ತೂ ಅದೇ ಬಾತುಗಳು, ವಿಶೇಷ ಏನಿಲ್ಲ."

ದಿಟಗಾತಿಯರ ಪದ್ಧತಿಯಂತೆ, ಕೊನೆಯ ಅನುಮಾನವನ್ನು ಕೈಯಿಂದ ಮುಟ್ಟಿ ಪರಿಹರಿಸಬೇಕು. ಊರವರು ನೋಡುತ್ತಿರುವಂತೆ ಎರಡು ಕೈಯಿಂದ ಬಾತನ್ನು ಗೂಡಿನಿಂದ ಎತ್ತಿದೆ. ಅಯ್ಯೋ ಶಿವನೇ, ಅದು ಎಷ್ಟು ಹಗುರವಾಗಿತ್ತು! ಬಿಸಿಯಾಗಿತ್ತು. ಉಪವಾಸದಿಂದ ಎದೆಯ ಮೂಳೆ ಕೈಗೆ ಚುಚ್ಚಿತು, ಅದರಾಚೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೆದರಿ ಮೊಟ್ಟೆಗಳ ಮೇಲೆಲ್ಲ ನಾರುವ ಹಿಕ್ಕೆ ಹಾಕಿ, ಕೊಸರಿಕೊಂಡು ಕಡಲಿಗೆ ಹಾರಿಹೋಯಿತು. ತಾನಾಗಿ ಎದ್ದಿದ್ದರೆ ತುಪ್ಪುಳು ಎಳೆದು ಮೊಟ್ಟೆ ಮುಚ್ಚಿ ಹೋಗುತ್ತಿತ್ತಂತೆ. ಅದಕ್ಕೆ ನಾನು ಅವಕಾಶವನ್ನೇ ಕೊಡಲಿಲ್ಲ. ಬಾತು ಮರಳಿ ಬರಲೆಂದು ನಾವೆಲ್ಲ ಗೋಡೆಯಾಚೆ ಸರಿದೆವು. ಮೊದಲು ಬಂದದ್ದು ಕಡಲಕ್ಕಿಗಳು. ಐದು ಮೊಟ್ಟೆಗಳು ಮುಗಿಯಲು ಎಷ್ಟು ಹೊತ್ತು ಬೇಕು? ನಾವು ಕೂಗುತ್ತ ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರದಿಯಲ್ಲಿ ಇದ್ದದ್ದನ್ನೇ ಬರೆದೆ: ಬಾತು ದಿಟ, ಮರಿ ಇಲ್ಲ, ಕಾರಣ ದಿಟಗಾತಿ. ಮಂಡಳಿ ಮೂರನೆಯದನ್ನು ಓದಲಿಲ್ಲ. ಮುಂದಿನ ಸೋಮವಾರ ಊರು ಏಳುತ್ತದೆ. ಎಲ್ಲರೂ ಸಾಮಾನು ಕಟ್ಟುತ್ತಿದ್ದಾರೆ. ಇಶ್ಬೆಲಕ್ಕ ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು, ಅವಳು ನನ್ನ ಮುಖವನ್ನೇ ನೋಡುತ್ತಿಲ್ಲ. ಅಡುಗೆ ಮಾಡುವಾಗಲೂ ಆ ಎದೆಬಡಿತ ನನ್ನ ಅಂಗೈಯಲ್ಲಿ ಇದ್ದಂತೆಯೇ ಇದೆ. ನನಗೆ ನಾಚಿಕೆಯಾಗುತ್ತಿದೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ತೀರದಲ್ಲಿ ಇವತ್ತೂ ಅವೇ ಬಾತುಗಳು ಇರುತ್ತವೆ. ದಯವಿಟ್ಟು ಒಂದರ ಹತ್ತಿರ ನಿಂತು ನೋಡಿ, ಬರೆದಿಡಿ: ಎಷ್ಟು ದಿನ ಕೂತಿತ್ತು, ಏನಾದರೂ ತಿಂದಿತೋ, ಮಳೆ ಬಂದಾಗ ಎದ್ದಿತೋ ಇಲ್ಲವೋ. ಅಂದ ಚಂದ ಏನೂ ಬೇಡ, ತಾರೀಖು ಹಾಕಿ ಬರೆದರೆ ಸಾಕು. ಪಕ್ಕದ ಮನೆಯವಳು ಬಾಯಿಬಿಟ್ಟು ಹೇಳಿದರೂ ನಾನು ನಂಬಲಿಲ್ಲ. ಯಾರೋ ಗುರುತಿಲ್ಲದವರು ಬರೆದಿಟ್ಟಿದ್ದರೆ, ನಂಬುತ್ತಿದ್ದೆ.

ಇಂತಿ,
ಮಾದೇವಿ ಮೇಸ್ತ