ಎಡಗಡೆಯ ಸೀಟು

ಆಟ್ಲಿ, ಯಾರ್ಕ್‌ಶೈರ್
8 ಮೇ 1994

ಪ್ರೀತಿಯ ಬ್ರೆಂಡಾ,

ಹೇಗಿದ್ದೀಯ ಮಗಳೇ? ಕೀತ್‌ನ ಬೆನ್ನುನೋವು ಇಳಿಯಿತೇ? ಡಂಕನ್‌ನ ಕೆಮ್ಮು ಬಿಟ್ಟಿತೇ? ಟ್ಯಾಮ್ಸಿನ್‌ಳ ಹಲ್ಲಿನ ತಂತಿ ಈಗ ಚುಚ್ಚುತ್ತಿಲ್ಲ ತಾನೆ? ನಾನು ಚೆನ್ನಾಗಿದ್ದೇನೆ. ಈಸ್ಟರ್‌ಗೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫ್ರಾನ್ಸಿನ ನಕ್ಷೆಯಲ್ಲಿ ದಾರಿ ಗುರುತು ಹಾಕಿ ಅದರ ಜೊತೆಗೇ ಕಳಿಸೋಣ ಎಂದುಕೊಂಡೆ, ದಿನ ಉರುಳಿಹೋಯಿತು. ಸಾಲುಗಳು ಸೊಟ್ಟಗಿದ್ದರೆ ಪೆನ್ನನ್ನು ಬೈದುಕೋ.

"ಅಮ್ಮ, ನೀನು ಎಡಗಡೆ ಕೂತ್ರೆ ಮಾತ್ರ ನಾನು ಓಡಿಸ್ತೀನಿ, ಇಲ್ದಿದ್ರೆ ಈ ವರ್ಷ ಫ್ರಾನ್ಸೂ ಬೇಡ, ಡೇರೆನೂ ಬೇಡ" ಎಂದು ಬರೆದಿದ್ದೀಯ. ನಿಮ್ಮಪ್ಪ ಹೋದಮೇಲೆ ಆ ಡೇರೆ ಅಟ್ಟ ಬಿಟ್ಟು ಇಳಿದಿರಲಿಲ್ಲ. ಮೊನ್ನೆ ಪಕ್ಕದ ಮನೆಯ ವಿಲ್ಫ್ ಅದನ್ನು ಇಳಿಸಿ ಹಿತ್ತಲಲ್ಲಿ ಹರವಿಕೊಟ್ಟ. ಒಂದೇ ಒಂದು ತೂತಿಲ್ಲ. ಅದು ಹೋಗಲೇಬೇಕು, ನೀನೂ ಹೋಗಲೇಬೇಕು. ಆದರೆ ನಾನು ಬರುವುದಿಲ್ಲ. ನನ್ನ ಮಂಡಿ ನಿನಗೆ ಗೊತ್ತೇ ಇದೆ, ನೆಲದ ಮೇಲೆ ಮಲಗಿದರೆ ಎಬ್ಬಿಸಲು ಕ್ರೇನ್ ಬೇಕು. ಅಲ್ಲದೆ ಜುಲೈನಲ್ಲಿ ಬಟಾಣಿ ಬಿಡಿಸುವವರು ಯಾರು?

ದಾರಿಯನ್ನು ದಪ್ಪ ಕೆಂಪು ಪೆನ್ನಿನಲ್ಲಿ ಎಳೆದಿದ್ದೇನೆ. ವಿಲ್ಫ್ ಊರ ಹೆಸರು ಓದಿದ, ನಾನು ಗೆರೆ ಎಳೆದೆ. ಅವನ ಬಾಯಲ್ಲಿ ಫ್ರೆಂಚ್ ಹೆಸರು ಕೇಳಬೇಕು, ಬಿಸಿ ಆಲೂಗಡ್ಡೆ ಕಚ್ಚಿದ ಹಾಗಿರುತ್ತದೆ. "ಏನ್ ಎನಿಡ್, ಇದು ದಾರಿನೋ ನದೀನೋ? ಗೋಡೆಗೆ ಬಣ್ಣ ಬಳಿದ ಹಾಗಿದೆಯಲ್ಲ" ಎಂದ. "ನನ್ನ ಮಗಳಿಗೆ ಕತ್ತಲಲ್ಲೂ ಕಾಣ್ಲಿ ಅಂತ ಕಣೋ, ನೀನು ಓದು" ಎಂದೆ.

ಪೋರ್ಟ್ಸ್‌ಮತ್‌ನಲ್ಲಿ ರಾತ್ರಿಯ ಹಡಗು ಹತ್ತಿರಿ. ಬೆಳಿಗ್ಗೆ ಕಾನ್ ಹತ್ತಿರ ಇಳಿದು ನೇರ ದಕ್ಷಿಣಕ್ಕೆ: ಫಲೇಜ್, ಅಲಾನ್ಸೋನ್, ಲೆ ಮಾನ್, ತೂರ್. ಪ್ಯಾರಿಸ್ ಕಡೆ ತಲೆಹಾಕಬೇಡಿ. ಆಗಸ್ಟ್ ಮೊದಲ ಶನಿವಾರವಂತೂ ಬೇಡವೇ ಬೇಡ, ಅಂದು ಆ ಪಟ್ಟಣವೆಲ್ಲ ರಜೆಗೆಂದು ಹಾಸಿಗೆ ಸಮೇತ ರಸ್ತೆಗೆ ಇಳಿದಿರುತ್ತದೆ. ಮಧ್ಯಾಹ್ನಕ್ಕೆ ಮೊದಲೇ ಬ್ರೆಡ್ಡು, ಗಿಣ್ಣು ಕೊಂಡುಬಿಡು, ಆಮೇಲೆ ಎರಡು ಗಂಟೆ ಇಡೀ ದೇಶ ಬಾಗಿಲು ಹಾಕಿ ಉಣ್ಣುತ್ತದೆ. ಚಹಾಪುಡಿ ಇಲ್ಲಿಂದಲೇ ಒಯ್ಯಿರಿ. ಮೊದಲ ರಾತ್ರಿ ಲೋಷ್‌ನಲ್ಲಿ ಹೊಳೆಯ ಪಕ್ಕ ಡೇರೆ ಹಾಕಿ, ಮರುದಿನ ದೊರ್ದೋನ್ ಕಣಿವೆ ಸೇರಿಕೊಳ್ಳಿ.

ಹಡಗಿನಿಂದ ಇಳಿದಾಗ ಹೆದರಬೇಡ. ಅಲ್ಲಿ ನಮ್ಮವರೆಲ್ಲ ಕುರಿಗಳ ಹಾಗೆ ಸಾಲಾಗಿ ಹೋಗುತ್ತಿರುತ್ತಾರೆ, ಯಾರೂ ದಾರಿ ತಪ್ಪುವುದಿಲ್ಲ. ಮೋಸ ಮಾಡುವುದು ಎರಡನೆಯ ಬೆಳಗು. ನಿದ್ದೆ ಚೆನ್ನಾಗಿ ಆಗಿರುತ್ತದೆ, ರಸ್ತೆ ಖಾಲಿ ಇರುತ್ತದೆ, ಅನುಸರಿಸಲು ಯಾರೂ ಇರುವುದಿಲ್ಲ. ಆಗ ಕೈ ತಾನಾಗಿ ಊರಿನ ಅಭ್ಯಾಸಕ್ಕೆ ತಿರುಗಿ, ಕಾರು ಎಡಕ್ಕೆ ಹೋಗಿಬಿಡುತ್ತದೆ. ನಿಮ್ಮಪ್ಪನೂ ಒಮ್ಮೆ ಹಾಗೇ ಮಾಡಿ, ಹಾಲಿನ ಲಾರಿಯವನಿಂದ ಚೆನ್ನಾಗಿ ಬೈಸಿಕೊಂಡರು. ಇಷ್ಟು ನೆನಪಿಡು: ಚರಂಡಿ ನಿನ್ನ ಬಲ ಮೊಣಕೈ ಕಡೆಗಿದ್ದರೆ ನೀನು ಸರಿ.

ಈಗ ಎಡಗಡೆಯ ಸೀಟಿನ ಮಾತು. ನಮ್ಮ ಕಾರಿನ ಸ್ಟಿಯರಿಂಗು ಬಲಕ್ಕೆ, ಅವರ ರಸ್ತೆಯಲ್ಲಿ ಓಡಿಸುವುದೂ ಬಲಕ್ಕೆ. ಮುಂದೊಂದು ಲಾರಿ ಸಿಕ್ಕರೆ ನಿನಗೆ ಕಾಣುವುದು ಅದರ ಬೆನ್ನು ಮಾತ್ರ. ಎದುರಿನ ರಸ್ತೆ ಕಾಣುವುದು ಎಡಗಡೆ ಕೂತವರಿಗೆ. ಅವರು ಹೇಳಬೇಕಾದದ್ದು ಒಂದೇ ಮಾತು, "ಹೋಗು". "ಇರು, ನೋಡೋಣ, ಆಗಬಹುದೇನೋ" ಏನೂ ಬೇಡ. "ಎಡಸೀಟು ಸುಮ್ನಿದ್ರೆ ಕಾಣ್ತಿಲ್ಲ ಅಂತ ಅರ್ಥ. ಕಾಣ್ದೇ ಇದ್ರೆ ನಾನು ಹೋಗಲ್ಲ" ಎನ್ನುತ್ತಿದ್ದರು ನಿಮ್ಮಪ್ಪ. ನಾನು "ಹೋಗು" ಎಂದಮೇಲೆ ಒಮ್ಮೆಯೂ "ಖಂಡಿತಾನಾ?" ಎಂದು ಕೇಳಿದವರಲ್ಲ. ಮದುವೆಯ ದಿನ ಚರ್ಚಿನಲ್ಲಿ ಆಡಿದ ಮಾತುಗಳಿಗಿಂತ ನನಗೆ ಅದೇ ದೊಡ್ಡದಾಗಿತ್ತು.

ಕೀತ್‌ನನ್ನು ಅಲ್ಲಿ ಕೂರಿಸಬೇಡ. ಅಳಿಯ ಚಿನ್ನದಂಥವನು, ಆದರೆ ಎಚ್ಚರವಿದ್ದರೆ ಕಿರುಚುತ್ತಾನೆ, ಇಲ್ಲದಿದ್ದರೆ ಗೊರಕೆ ಹೊಡೆಯುತ್ತಾನೆ. ಟ್ಯಾಮ್ಸಿನ್‌ಳನ್ನು ಕೂರಿಸು. ಹದಿನಾಲ್ಕು ಸಣ್ಣ ವಯಸ್ಸಲ್ಲ, ಆ ವಯಸ್ಸಿಗೆ ನಾನು ಶಾಲೆ ಬಿಟ್ಟು ಗಿರಣಿ ಸೇರಿದ್ದೆ. ಫೆಬ್ರವರಿ ರಜೆಯಲ್ಲಿ ಅವಳು ಇಲ್ಲಿಗೆ ಬಂದಿದ್ದಳಲ್ಲ, ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದು ಇಬ್ಬರೂ ಇದೇ ಆಟ ಆಡಿದೆವು. ಮುಂದೊಂದು ಟ್ರ್ಯಾಕ್ಟರು ತೆವಳುತ್ತಿತ್ತು. ಪರೀಕ್ಷಿಸೋಣ ಎಂದು ನಾನು "ಹೋಗು" ಎಂದೆ. "ಅಜ್ಜೀ, ಎದುರಿಗೆ ಬಿಳೀ ವ್ಯಾನ್ ಬರ್ತಿದೆ. ನನ್ನನ್ನೇ ಬಕ್ರಾ ಮಾಡ್ತೀಯಾ?" ಎಂದು ನಕ್ಕಳು. ವ್ಯಾನು ದಾಟಿದಮೇಲೂ ಹುಡುಗಿ ಬಾಯಿ ಬಿಡಲಿಲ್ಲ. ತಿರುವು ಕಳೆದು ರಸ್ತೆ ಪೂರ್ತಿ ತೆರೆದುಕೊಂಡಮೇಲೆ ಮೆಲ್ಲಗೆ "ಹೋಗು" ಎಂದಳು. ಇನ್ನೇನು ಬೇಕು? ಅವಳು ಹೇಳಿದಾಗ ಹೋಗು. ಮರುಪ್ರಶ್ನೆ ಕೇಳಬೇಡ.

ನೀನು ಚೆನ್ನಾಗಿಯೇ ಓಡಿಸುತ್ತೀಯ. ನಿನಗೆ ಕಲಿಸಿದವರು ಯಾರು ಎಂದು ನೋಡಿಕೋ. ದೇವರು ನಿಮ್ಮೆಲ್ಲರನ್ನೂ ರಸ್ತೆಯ ಸರಿಯಾದ ಬದಿಯಲ್ಲೇ ಇಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು, ಕೀತ್‌ಗೆ ಆಶೀರ್ವಾದ.

ನಿನ್ನ ಪ್ರೀತಿಯ
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಬಸ್ಸಿನಲ್ಲಿ ನಾನು ಅವಳನ್ನು ಪರೀಕ್ಷಿಸಲಿಲ್ಲ ಬ್ರೆಂಡಾ. ಆ ವ್ಯಾನು ನನಗೆ ಕಾಣಲೇ ಇಲ್ಲ. ಕಣ್ಣಿನ ಡಾಕ್ಟರರ ಹತ್ತಿರ ಹೋಗಿಬಂದೆ. ನೋಟದ ನಡುಭಾಗ ಹೋಗುತ್ತದಂತೆ, ಅಂಚು ಉಳಿಯುತ್ತದಂತೆ. ಈಗಲೇ ಯಾವುದನ್ನು ನೇರವಾಗಿ ನೋಡಿದರೂ ಅಲ್ಲೊಂದು ಬೂದು ಕಲೆ. ಇಷ್ಟು ದಿನ ನಾನೇಕೆ ಕಾಗದ ಬರೆಯಲಿಲ್ಲ ಎಂದು ನಿನಗೆ ಈಗ ತಿಳಿದಿರಬೇಕು, ಎಡಸೀಟು ಸುಮ್ಮನಿದ್ದರೆ ಏನರ್ಥ ಎಂಬ ನಮ್ಮ ಕಾರಿನ ನಿಯಮ ನಿನಗೂ ಗೊತ್ತು. ಮಂಡಿಗೆ ಏನೂ ಆಗಿಲ್ಲ. ಬಟಾಣಿಯನ್ನು ವಿಲ್ಫ್ ಬಿಡಿಸಿಕೊಳ್ಳುತ್ತಾನಂತೆ. ದೊರ್ದೋನ್ ಹೊಳೆಯನ್ನು ಅಂಚಿನಿಂದಲಾದರೂ ಇನ್ನೊಮ್ಮೆ ನೋಡಬೇಕೆಂದಿದೆ. ಹಿಂದಿನ ಸೀಟಿನಲ್ಲಿ ಡಂಕನ್ ಪಕ್ಕ ನನಗೆ ಜಾಗವಾಗುತ್ತದೆಯೋ ಹೇಗೆ, ಬೇಗ ಬರೆ. ದಪ್ಪ ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆ.