ಒಬ್ಬನ ಊಟ

ಜೂನ್ 9, ಸೋಮವಾರ
ಆಫೀಸ್ ಬಿಟ್ಟು ಬರೂವಾಗ ಮತ್ತ ಮಿರ್ಚಿ, ಮಂಡಕ್ಕಿ ಒಗ್ಗರಣಿ ಪಾರ್ಸಲ್. ಚಪ್ಪಲಿ ಬಿಡೂದ್ರಾಗ ಪೇಪರ್ ಬಿಚ್ಚಿದ್ದೆ. ಆಮ್ಯಾಲೆ ಮುಂಜಾನಿ ಅನ್ನ, ತಣ್ಣಂದು, ಅಡಗಿಮನ್ಯಾಗ ನಿಂತು ಪಾತೇಲ್ಯಾಗಿಂದನ ತಿಂದೆ. ಲೈಟ್ ಹಾಕಲಿಲ್ಲ. ಆಮ್ಯಾಲೆ ಶೇಂಗಾ. ರುಚಿ ಏನಿತ್ತು ಅಂದ್ರ ಗೊತ್ತಿಲ್ಲ. ಹೊಟ್ಟಿ ತುಂಬಿ ಭಾಳ ಹೊತ್ತಾಗಿತ್ತು. ಕೈ ನಿಲ್ಲಲಿಲ್ಲ.

ಹೆಂಡ್ತಿ ಸಹನಾ ಹೋದ ಮ್ಯಾಲೆ ದಿನಾ ಹಿಂಗ. ಶಿವರಾತ್ರಿ ಮುಂದ ತವರೂರು ಮರಳಿಗೆ ಹೋದಾಕಿ, ತಿರುಗಿ ಬಂದಿಲ್ಲ. ಅದಕ್ಕೂ ಮೊದ್ಲ, ಏಳು ತಿಂಗಳ ಕೂಸು ಹೊಟ್ಟ್ಯಾಗನ ಹೋತು. ಅವತ್ತಿನಿಂದ ಆಕಿ ಉಣ್ಣೂದು ಬಿಟ್ಲು. ನಾ ಸಾಕು ಅನ್ನೂದು ಬಿಟ್ಟೆ. ಒಂದ ಕ್ವಾರ್ಟರ್ಸ್‌ನ್ಯಾಗ ಇದ್ದು ಇಬ್ರೂ ಮಾತು ಬಿಟ್ವಿ. ಜಗಳನರ ಆಗಿದ್ರ ಛಲೋ ಇತ್ತು.

ಜೂನ್ 13, ಶುಕ್ರವಾರ
ಫೈಲ್ ತರಾಕ ಹೋದಾಗ ಮೆಟ್ಲ ಮ್ಯಾಲೆ ಕಣ್ಣಿಗೆ ಕತ್ಲಿ ಬಂತು. ನಮ್ಮ ಸೆಕ್ಷನ್ನಿನ ಜಿಲಾನಿ ಬೈಕ್ ಮ್ಯಾಲೆ ದವಾಖಾನಿಗೆ ಒಯ್ದ. ಬಿ.ಪಿ. ಹೆಚ್ಚು. ಶುಗರ್ ಬಾರ್ಡರ್‌ನ್ಯಾಗ. ಡಾಕ್ಟರು ಗುಳಿಗಿ ಬರದ್ರು. ಊಟದ್ದು ಸಿಸ್ಟರ್ ಹತ್ರ ಕೇಳ್ರಿ ಅಂದ್ರು. ಸಿಸ್ಟರ್ ಹೆಸರು ಅತೀಯಾ.
"ಎಷ್ಟು ಉಣ್ತೀರಿ ಯಂಕೇಶ್ ಅವ್ರ?"
"ಗೊತ್ತಿಲ್ರಿ ಸಿಸ್ಟರ್."
"ಎಲ್ಲಿ ಕುಂತು ಉಣ್ತೀರಿ?"
"ಕುಂದ್ರೂದಿಲ್ರಿ."
ನಗ್ತಾರ ಅನ್ಕೊಂಡೆ. ನಗಲಿಲ್ಲ. "ತಾಟಿನ್ಯಾಗ ಹಾಕ್ಕೊಂಡು, ಕುಂತು ಉಣ್ರಿ. ಫೋನ್ ನೋಡ್ಕೋಂತ ಉಣಬ್ಯಾಡ್ರಿ. ಸದ್ಯಕ್ಕ ಅಷ್ಟ ಸಾಕು."
ಅಷ್ಟರಿಂದ ಏನಾಗತೈತಿ? ರಾತ್ರಿ ಊಟಾನ ಬಂದ್ ಮಾಡ್ತೀನಿ. ನಾಳಿಂದ.

ಜೂನ್ 22, ಭಾನುವಾರ
ವಾರ ಪೂರಾ ರಾತ್ರಿ ಬರೇ ಮಜ್ಜಿಗಿ. ಇವತ್ತು ಹೊಸಪೇಟಿಗೆ ಬಲ್ಬ್ ತರಾಕ ಹೋದಾವ ಬೇಕರಿ ಮುಂದ ನಿಂತೆ. ಕೇಕು, ಖಾರಾ, ಪಫ್... ಮನಿಮಟ ತಡಿಲಿಲ್ಲ. ಡ್ಯಾಮ್ ರೋಡಿನ ಬಾಜೂಕ ಬೈಕ್ ನಿಲ್ಸಿ ಎಲ್ಲಾ ತಿಂದೆ. ಹೋಗೂ ಬರೂ ಮಂದಿ ಕಡೆ ಬೆನ್ನು ಹಚ್ಚಿ. ಬಲ್ಬ್ ತರೂದು ಮರ್ತೆ.

ಜೂನ್ 24, ಮಂಗಳವಾರ
ಸಿಸ್ಟರ್‌ಗೆ ಎಲ್ಲಾ ಹೇಳಿದೆ. "ಉಪಾಸ ಮಾಡ್ರಿ ಅಂತ ನಾ ಎಲ್ಲಿ ಹೇಳೀನ್ರಿ? ಕಟ್ಟಿಹಾಕಿದ ಎಮ್ಮಿ ಹಗ್ಗ ಹರಕೊಂಡ್ರ ಇಡೀ ಹೊಲಾ ಮೇಯ್ತೈತಿ" ಅಂದ್ರು. ಆಮ್ಯಾಲೆ ಕೇಳಿದ್ರು, "ಯಾವಾಗ ಭಾಳ ಆಗತೈತಿ?"
"ಸಂಜೀಕ್ರಿ. ಮನಿ ಬೀಗ ತಗದ ಕೂಡ್ಲೆ."
"ಒಳಗ ಯಾರೂ ಇಲ್ಲೇನ್ರಿ?"
ಹೇಳ್ಕೋಂತ ಹೋದೆ. ಕೂಸಿಂದೂ ಹೇಳಿದೆ. ಇಲ್ಲೀತನಕ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ಅವರು ನೀರು ಕೊಟ್ರು. ಹಿಂದ ಪಾಳಿ ನಿಂತಿತ್ತು, ಆದ್ರೂ ಗಡಿಬಿಡಿ ಮಾಡ್ಲಿಲ್ಲ.
"ಬೀಗ ತಗದ ಕೂಡ್ಲೆ ಮೊದ್ಲ ಆಕಿಗೆ ಫೋನ್ ಹಚ್ರಿ. ಆಮ್ಯಾಲೆ ಬೇಕಂದ್ರ ಉಣ್ರಿ, ಬ್ಯಾಡ ಅನ್ನಂಗಿಲ್ಲ."

ಜೂನ್ 25, ಸಂಜಿ
ಹಚ್ಚಿದೆ.
"ಉಂಡ್ರೇನು?"
"ಉಂಡೆ. ನೀ?"
"ಉಂಡೆ."
ಫೋನ್ ಇಟ್ಲು. ಇಬ್ರದೂ ಸುಳ್ಳು.

ಜುಲೈ 3, ಗುರುವಾರ
ದಿನಾ ಅದ ಎರಡು ಮಾತು. ಇವತ್ತು ಸುಳ್ಳು ಹೇಳಾಕ ಬ್ಯಾಸರಾತು. "ಸಹನಾ, ನಾ ಭಾಳ ತಿನ್ನಾಕತ್ತೀನಿ. ಹಸಿವಿ ಇಲ್ಲದ ತಿಂತೀನಿ. ಶುಗರ್ ಬರೂ ಹಂಗ ಆಗೈತಿ" ಅಂದೆ.
ಆಕಿ ಕಡೆ ಯಾರದೋ ಗದ್ದ್ಯಾಗ ಟ್ರ್ಯಾಕ್ಟರ್ ಸಪ್ಪಳ ಕೇಳ್ತಿತ್ತು.
"ನನಗ ತುತ್ತು ಇಳಿಯೂದಿಲ್ರಿ" ಅಂದ್ಲು. "ಅವ್ವ ಬೈತಾಳ ಅಂತ ತಾಟಿನ್ಯಾಗ ಹಾಕ್ಕೊಂಡು, ಹಿತ್ತಲಕ್ಕ ಒಯ್ದು ಎಮ್ಮಿಗೆ ಹಾಕ್ತೀನಿ."
ನಾ ಫೋನ್ ಇಡಲಿಲ್ಲ. ಆಕೀನೂ ಇಡಲಿಲ್ಲ.

ಜುಲೈ 11, ಶುಕ್ರವಾರ
ರೊಟ್ಟಿ ಬಡ್ಯಾಕ ಕಲ್ಯಾಕತ್ತೀನಿ. ಜ್ವಾಳದ ಸೀಮಿ ಯಲಬುರ್ಗಾದಾವ ಆಗಿ ನಾಚಿಗೇಡು, ಅವ್ವನ ಕೈಯಾಗಿಂದು ಉಂಡದ್ದಷ್ಟ. ಸಹನಾ ಫೋನ್ ಸ್ಪೀಕರ್‌ನ್ಯಾಗ. ಆಕಿ ಮರಳಿಯಾಕಿ, ಅನ್ನದ ಊರು, ರೊಟ್ಟಿ ಕಲ್ತದ್ದು ನಮ್ಮವ್ವನ ಹತ್ರ.
"ನೀರು ಕುದ್ದಾವಿಲ್ಲ?"
"ಕುದ್ದಾವು."
"ಮತ್ಯಾಕ ಹರೀತೈತಿ? ನಾದ್ರಿ ಇನ್ನಷ್ಟು."
ಮೊದಲಿಂದು ಆಂಧ್ರದ ನಕಾಶಿ ಆತು. ಹೇಳಿದೆ. ನಕ್ಳು. ಖರೇನ ನಕ್ಳು... ನಾ ಲಟ್ಟಣಿಗಿ ಬಿಟ್ಟು ಕೇಳ್ಕೋಂತ ನಿಂತೆ. ಅದರ ಸಪ್ಪಳ ಕೇಳಿ, "ಲಟ್ಟಣಿಗಿ ತುಗೊಂಡ್ರೇನು? ಕೈಲೆ ಬಡೀರಿ!" ಅಂತ ಬೈದ್ಲು ಕೂಡ.
ಎರಡು ರೊಟ್ಟಿ, ಪುಂಡಿಪಲ್ಯ. ಕುಂತು ಉಂಡೆ. ಆಕಿ ಆ ಕಡೆ ಅನ್ನ ಸಾರು ಕಲಸ್ಕೊಂಡ್ಲು. ಫೋನ್ ನೋಡಬ್ಯಾಡ್ರಿ ಅಂದಿದ್ರು ಸಿಸ್ಟರ್. ಕೇಳಬ್ಯಾಡ್ರಿ ಅಂದಿಲ್ಲ.

ಜುಲೈ 17, ಗುರುವಾರ
ಮೂರ್ದಿನಾತು, ಸಹನಾ ಫೋನ್ ಎತ್ತವಲ್ಲಳು. ಅತ್ತಿ ದುರುಗವ್ವ ಎತ್ತಿದ್ರು. "ಮಗ್ಗುಲ ಮನಿ ಹುಡುಗಿ ಬಾಣಂತನಕ್ಕ ಬಂದಾಳ್ರಿ. ಆ ಕೂಸು ಅಳೂದು ಕೇಳಿದ್ರ ಈಕಿ ಕ್ವಾಣಿ ಬಾಗಲಾ ಹಾಕ್ಕೊಂತಾಳ."
ಅವಲಕ್ಕಿ ಚೂಡಾದ ಡಬ್ಬಿ ತಗದೆ. ನಿಂತ ತಿಂದೆ. ಅರ್ಧಕ್ಕ ಬಂದಾಗ ಗೊತ್ತಾತು, ಉಪ್ಪು ಭಾಳ ಐತಿ. ಇಷ್ಟು ದಿನ ಗೊತ್ತ ಆಗಿದ್ದಿಲ್ಲ. ಮುಚ್ಚಿಟ್ಟೆ. ಕಟ್ಟಿ ಮ್ಯಾಲೆ ಹೋಗಿ ಕುಂತೆ. ಆಕಿ ಇಲ್ಲ. ತಿಂದ್ರೂ ಇಲ್ಲ, ಬಿಟ್ರೂ ಇಲ್ಲ. ಎದಿ ಭಾಳ ನೋಯ್ತು. ನೋಯ್ಲಿ ಅಂತ ಕುಂತೆ.

ಜುಲೈ 29, ಮಂಗಳವಾರ, ಪಂಚಮಿ. ಮರಳಿ ಊರಾಗ
ಹಬ್ಬಕ್ಕ ಅಂತ ಬಂದೆ. ಅತ್ತಿ ಬಾಗಲ್ದಾಗ ನೋಡಿ, "ಅಯ್ಯ, ಅಳಿಯಂದ್ರು ಸೊರಗ್ಯಾರ" ಅಂದ್ರು. ಉಂಡಿ, ಅಳ್ಳಿಟ್ಟು, ಕಡಬು, ಎಲಿ ತುಂಬಿಸಿದ್ರು. ಸಹನಾನ ಕೈಯಾಗಿನ ಬಳಿ ಸಡ್ಲಾಗಿ ಮೊಣಕೈಮಟ ಜಾರ್ತಾವ.
"ಸಾಕ್ರಿ ಅತ್ತಿ."
"ಹಬ್ಬದ ದಿನ ಸಾಕು ಅಂತಾರೇನ್ರಿ?"
"ಛಲೋ ಆಗೈತ್ರಿ. ಅದಕ್ಕ ಸಾವಕಾಶ ಉಣ್ತೀನಿ."
ಸಹನಾ ನನ್ನ ಕಡೆ ನೋಡಿದ್ಲು. ತಾನ ಒಂದು ತಾಟು ತಂದು ಎದುರಿಗೆ ಕುಂತ್ಲು. ಕಡಬು ಮುರ್ದು ಅರ್ಧಾ ತಿಂದ್ಲು. ಮತ್ತ ಅರ್ಧಾ. ಅತ್ತಿ ಸೌಟು ಹಿಡ್ಕೊಂಡು ಒಳಗ ಹೋದ್ರು, ಕಣ್ಣು ಒರಸ್ಕೋಂತ.
ಹಿತ್ತಲದಾಗ ಕೈ ತೊಳಕೊಳ್ಳೂವಾಗ ಆಕಿ ಕೇಳಿದ್ಲು, "ನೀವು ಕೂಸಿನ ಮುಖಾ ನೋಡಿದ್ರಿ. ನನಗ ತೋರಸಲಿಲ್ಲ. ಯಾರಂಗಿತ್ತು?"
"ನಿನ್ನಂಗ. ಹಣಿ ನಿಂದ."
ನೀರಿನ ಚರಗಿ ಹಿಡಕೊಂಡು ಅತ್ಲು. ನಾನೂ ಅತ್ತೆ. ಆರು ತಿಂಗಳ ಹಿಂದ ಅಳಬೇಕಾದದ್ದು.
ಮನಿಗೆ ಬಾ ಅಂತ ಕರಿಯಾಕ ಧೈರ್ಯ ಆಗ್ಲಿಲ್ಲ. ನಾ ಬಸ್ ಹತ್ತೂ ಮುಂದ ಆಕೀನ ಅಂದ್ಲು, "ಶನಿವಾರ ಬರ್ತೀನಿ. ಇರಾಕ ಆಗತೈತೋ ಇಲ್ಲೋ, ಅದನ್ನ ಈಗ ಕೇಳಬ್ಯಾಡ್ರಿ."

ಆಗಸ್ಟ್ 2, ಶನಿವಾರ, ಸಂಜಿ 5
ಗಂಗಾವತಿ ಬಸ್ ಬರೂ ಹೊತ್ತಾತು. ಸ್ಟ್ಯಾಂಡಿಗೆ ಬರಬ್ಯಾಡ್ರಿ, ನಾನ ಬರ್ತೀನಿ ಅಂದಾಳ. ಮಧ್ಯಾಹ್ನ ಕಮ್ಮಿ ಉಂಡಿದ್ದೆ, ಹೊಟ್ಟಿ ಖರೇನ ಹಸದೈತಿ. ಗುರುಗುರು ಅಂತೈತಿ. ಎಷ್ಟು ದಿನಾಗಿತ್ತು ಈ ಸಪ್ಪಳ ಕೇಳಿ. ಅಂಜಿಕಿ ಇಲ್ಲ. ಹಸಿವಿ ತಡೀತೈತಿ.
ಅಕ್ಕಿ ಆರಿಸಿಟ್ಟೀನಿ, ಇನ್ನಾ ಒಲಿ ಮ್ಯಾಲೆ ಇಟ್ಟಿಲ್ಲ. ಆಕಿ ಈಗ ಎಷ್ಟು ಉಣ್ತಾಳ ನನಗ ಗೊತ್ತಿಲ್ಲ. ಬಂದ ಮ್ಯಾಲೆ ಕೇಳಿ ಇಡಬೇಕು. ಉಪ್ಪಿನಕಾಯಿ ಹೊರಗ—
ಗೇಟ್ ಸಪ್ಪಳ. ಆಕಿ ಬ್ಯಾಗ್ ಇಸ್ಕೊಳ್ಳಾಕ ಹೋಗ್ತೀನಿ.