ಬೇಸಿಗೆಯ ಪಾಚಿ

ಮಡಂತ್ಯಾರು, ಮಂಗಳವಾರ

ಅಬ್ಬಾಸರಿಗೆ ಸಂಕಪ್ಪನ ನಮಸ್ಕಾರ.

ಮೊನ್ನೆ ನಿಮ್ಮ ಅಂಗಡಿಯಲ್ಲಿ ನನ್ನ ಊದಿದ ಕೈ ಕಂಡು, "ಎಂತ ಆಯ್ತು ಸಂಕಪ್ಪಣ್ಣ?" ಎಂದು ಕೇಳಿದಿರಿ. "ಅಂಗಳದ ಪಾಚಿಯಲ್ಲಿ ಜಾರಿದ್ದು ಮಾರಾಯ್ರೆ" ಎಂದೆ. ಬಾವಿಯೇ ಬತ್ತಿರುವ ಈ ಏಪ್ರಿಲ್‌ನಲ್ಲಿ ಯಾರ ಅಂಗಳದಲ್ಲಿ ಪಾಚಿ ಉಂಟು? ನಿಮಗೂ ಹೊಳೆದಿರಬೇಕು. ಆದರೂ ಮತ್ತೆ ಕೇಳದೆ ನೋವಿನ ಎಣ್ಣೆ ಕೊಟ್ಟು ಕಳಿಸಿದಿರಿ. ಮರ್ಯಾದೆ ಉಳಿಯಿತು ಎಂದುಕೊಂಡೆ.

ಕೈ ತಿರುಚಿದವನು ಆಗ ನನ್ನ ಪಕ್ಕದಲ್ಲೇ ನಿಂತಿದ್ದ. ಮಗನ ಹೆಸರು ಬರೆಯಲು ಕೈ ಏಳುತ್ತಿಲ್ಲ. ಮನೆಗೆ ಬಂದ ಮೇಲೆ, "ಪಾಚಿ ಅಂತ ಹೇಳಿದ್ದು ಒಳ್ಳೇದಾಯ್ತು" ಎಂದ.

ಒಂದು ಉಪಕಾರ ಮಾಡಿ. ಶುಕ್ರವಾರ ನಮಾಜು ಮುಗಿಸಿ ನಮ್ಮ ಮನೆಗೆ ಬನ್ನಿ. ಅವನ ಎದುರೇ ಅದೇ ಪ್ರಶ್ನೆ ಕೇಳಿ. ನಾನು ಪುನಃ ಪಾಚಿ ಎಂದರೆ ಎದ್ದು ಹೋಗಬೇಡಿ, ಇನ್ನೊಮ್ಮೆ ಕೇಳಿ.

ನಿಮ್ಮ,
ಸಂಕಪ್ಪ